ನಾಯಿಗಳಿಂದ ಪಾಠ ಕಲಿತ ಪಾವ್ಲೊವ್

ಮಕ್ಕಳೇ, ಮಧ್ಯಾಹ್ನದ ಬಿಸಿಯೂಟದ ಗಂಟೆ ಹೊಡೆದಾಗ ನಿಮ್ಮ ಶಾಲೆಯ ಗೇಟಿನ ಕಡೆ ಒಮ್ಮೆ ನೋಡಿ. ನಿಮ್ಮದು ಕಡೂರಿನ ಬಯಲುಸೀಮೆಯ ಹಳ್ಳಿಯಾಗಿರಲಿ, ತರೀಕೆರೆಯ ಅಡಿಕೆ ತೋಟಗಳ ನಡುವಿನ ಊರಾಗಿರಲಿ, ಅಜ್ಜಂಪುರದ ಈರುಳ್ಳಿ ಹೊಲಗಳ ಪಕ್ಕದ ಶಾಲೆಯಾಗಿರಲಿ, ಒಂದಾದರೂ ನಾಯಿ ಅಲ್ಲಿಗೆ ಬಂದು ಕುಳಿತಿರುತ್ತದೆ. ಅದಕ್ಕೆ ಗಡಿಯಾರ ನೋಡಲು ಬರುವುದಿಲ್ಲ. ಬೆಳಗಿನ ಪ್ರಾರ್ಥನೆಯ ಗಂಟೆಗೆ ಅದು ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಊಟದ ಗಂಟೆಗೆ ಮಾತ್ರ ತಪ್ಪದೆ ಹಾಜರಾಗುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಆ ಗಂಟೆ ಕೇಳಿದಾಗ ನಿಮ್ಮ ಬಾಯಲ್ಲೂ ನೀರೂರುತ್ತದೆ, ಅಲ್ಲವೇ? ಗಂಟೆ ಎಂದರೆ ಬರೀ ಲೋಹದ ತುಂಡು. ಅದನ್ನು ತಿನ್ನಲು ಆಗುವುದಿಲ್ಲ. ಹಾಗಾದರೆ ಬಾಯಲ್ಲಿ ನೀರೇಕೆ ಬರುತ್ತದೆ?

ಈ ಸಣ್ಣ ಪ್ರಶ್ನೆಯ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ವಿಜ್ಞಾನಿಯೊಬ್ಬರಿದ್ದರು. ಅವರೇ ರಷ್ಯಾದ ಇವಾನ್ ಪೆಟ್ರೊವಿಚ್ ಪಾವ್ಲೊವ್. ನಿಮ್ಮ ಮನೆಯ ನಾಯಿಗೆ ಕರೆದಾಗ ಬರುವುದನ್ನೂ ಜೊತೆಯಲ್ಲಿ ಶಾಂತವಾಗಿ ನಡೆಯುವುದನ್ನೂ ಕಲಿಸಬೇಕೆಂದಿದ್ದರೆ ಇವರ ಜೀವನವನ್ನು ನೀವು ತಿಳಿಯಬೇಕು. ಬನ್ನಿ, ತಿಳಿಯೋಣ.

ತಡವಾಗಿ ಶಾಲೆಗೆ ಹೋದ ಹುಡುಗ

ಪಾವ್ಲೊವ್ 1849ರ ಸೆಪ್ಟೆಂಬರ್ 26ರಂದು ರಿಯಾಜಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಅದು ಬಹಳ ಮಕ್ಕಳಿದ್ದ ಸಂಸಾರ. ಇವಾನ್ ಎಲ್ಲರಿಗಿಂತ ಹಿರಿಯ ಮಗ. ಚಿಕ್ಕವನಿದ್ದಾಗ ಎತ್ತರದಿಂದ ಕಲ್ಲಿನ ನೆಲದ ಮೇಲೆ ಬಿದ್ದು ಬಲವಾದ ಪೆಟ್ಟಾಯಿತು. ಚೇತರಿಸಿಕೊಳ್ಳಲು ಬಹಳ ದಿನ ಬೇಕಾಯಿತು. ಹಾಗಾಗಿ ಅವರು ಶಾಲೆಗೆ ಸೇರಿದ್ದು 11ನೇ ವಯಸ್ಸಿನಲ್ಲಿ! ತಡವಾಗಿ ಸೇರಿದವರು ಹಿಂದೆ ಬೀಳುತ್ತಾರೆ ಎಂಬ ಮಾತು ಇವರ ವಿಷಯದಲ್ಲಿ ಸುಳ್ಳಾಯಿತು.

ಮಗನೂ ಪಾದ್ರಿಯಾಗಲಿ ಎಂದು ಅವರನ್ನು ಧಾರ್ಮಿಕ ಶಾಲೆಗೆ ಸೇರಿಸಲಾಗಿತ್ತು. ಅಲ್ಲಿ ಓದುತ್ತಿದ್ದಾಗ ಡಾರ್ವಿನ್ನರ ವಿಚಾರಗಳೂ ಮಿದುಳಿನ ಬಗ್ಗೆ ಸೆಚೆನೊವ್ ಎಂಬ ರಷ್ಯನ್ ವಿಜ್ಞಾನಿ ಬರೆದ ಪುಸ್ತಕವೂ ಅವರ ಮನಸ್ಸನ್ನು ಸೆಳೆದವು. 1870ರಲ್ಲಿ ಆ ಓದನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಕಲಿಯಲು ಹೊರಟರು. ಆಮೇಲೆ ವೈದ್ಯಶಾಸ್ತ್ರವನ್ನೂ ಓದಿದರು. 1881ರಲ್ಲಿ ಸೆರಾಫಿಮಾ ಎಂಬುವರನ್ನು ಮದುವೆಯಾದರು. ಮೊದಲ ಹಲವು ವರ್ಷ ಮನೆಯಲ್ಲಿ ತೀವ್ರ ಬಡತನವಿತ್ತು. ಆದರೂ ಅವರು ಸಂಶೋಧನೆಯನ್ನು ಬಿಡಲಿಲ್ಲ.

ಹೊಟ್ಟೆಯ ಗುಟ್ಟು

ನಾವು ತಿಂದ ಅನ್ನ ಹೇಗೆ ಜೀರ್ಣವಾಗುತ್ತದೆ? 1891ರಿಂದ ಪಾವ್ಲೊವ್ ಹೊಸ ಪ್ರಯೋಗಾಲಯವೊಂದರ ಮುಖ್ಯಸ್ಥರಾಗಿ ಇದನ್ನೇ ಅಭ್ಯಾಸ ಮಾಡಿದರು. ಅವರ ಪ್ರಯೋಗಗಳೆಲ್ಲ ನಾಯಿಗಳ ಮೇಲೆ. ಆ ಕಾಲದ ಅನೇಕರು ಪ್ರಾಣಿಯನ್ನು ಕೊಯ್ದು, ಅದು ಸಾಯುವುದರೊಳಗೆ ನೋಡಬೇಕಾದ್ದನ್ನು ನೋಡುತ್ತಿದ್ದರು. ಪಾವ್ಲೊವ್ ಹಾಗೆ ಮಾಡಲಿಲ್ಲ. ಮನುಷ್ಯರಿಗೆ ಮಾಡುವಷ್ಟೇ ಶುಚಿಯಾಗಿ ಶಸ್ತ್ರಚಿಕಿತ್ಸೆ ಮಾಡಿ, ನಾಯಿ ಚೇತರಿಸಿಕೊಂಡ ಮೇಲೆ ಅದನ್ನು ಗಮನಿಸುತ್ತಿದ್ದರು. ಹೆದರಿದ, ನೋವಿನಲ್ಲಿರುವ ಪ್ರಾಣಿಯ ದೇಹ ಸಹಜವಾಗಿ ಕೆಲಸ ಮಾಡುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಈ ಕೆಲಸಕ್ಕಾಗಿ 1904ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಈ ಪ್ರಶಸ್ತಿ ಪಡೆದ ಮೊದಲ ರಷ್ಯನ್ ಅವರು. ಆದರೆ ಇಂದು ಜಗತ್ತು ಅವರನ್ನು ನೆನೆಯುವುದು ಬೇರೊಂದು ಕೆಲಸಕ್ಕಾಗಿ.

ಊಟಕ್ಕೆ ಮೊದಲೇ ಬಂದ ಜೊಲ್ಲು

ಬಾಯಲ್ಲಿ ಆಹಾರವಿಟ್ಟರೆ ಜೊಲ್ಲು ಬರುತ್ತದೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ, ಹುಟ್ಟಿನಿಂದಲೇ ಬಂದದ್ದು. ಆದರೆ ಪ್ರಯೋಗಾಲಯದ ನಾಯಿಗಳು ಆಹಾರ ಬಾಯಿಗೆ ಬೀಳುವ ಮೊದಲೇ ಜೊಲ್ಲು ಸುರಿಸುತ್ತಿದ್ದವು. ಆಹಾರ ತರುವವರ ಹೆಜ್ಜೆಯ ಸದ್ದು ಕೇಳಿದರೆ ಸಾಕಾಗಿತ್ತು. ಬೇರೆಯವರು ಇದನ್ನು ಕಿರಿಕಿರಿ ಎಂದು ಕಡೆಗಣಿಸುತ್ತಿದ್ದರೇನೋ. ಪಾವ್ಲೊವ್ ಅಲ್ಲೊಂದು ಪ್ರಶ್ನೆಯನ್ನು ಕಂಡರು.

ನಾಯಿಯ ಕೆನ್ನೆಯ ಹೊರಗೆ ಒಂದು ಪುಟ್ಟ ಕೊಳವೆ ಜೋಡಿಸಿ ಜೊಲ್ಲನ್ನು ಹನಿ ಹನಿಯಾಗಿ ಅಳೆದರು. ಮೊದಲು ಟಿಕ್ ಟಿಕ್ ಎನ್ನುವ ಉಪಕರಣದ ಸದ್ದು, ಆ ಬೆನ್ನಿಗೇ ಆಹಾರ. ಹೀಗೆ ಮತ್ತೆ ಮತ್ತೆ ಮಾಡಿದರು. ಕೆಲವು ದಿನಗಳ ನಂತರ ಬರೀ ಸದ್ದಿಗೇ ಜೊಲ್ಲು ಬರತೊಡಗಿತು! ದೀಪದ ಬೆಳಕು, ಚರ್ಮದ ಮೇಲಿನ ಸ್ಪರ್ಶ, ವಿವಿಧ ಆಕಾರಗಳು ಹೀಗೆ ಅನೇಕ ಗುರುತುಗಳಿಂದ ಪರೀಕ್ಷಿಸಿದರು. ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ ಎಂಬುದನ್ನು ನಾಯಿ ಕಲಿಯುತ್ತದೆ. ಹೀಗೆ ಕಲಿತ ಪ್ರತಿಕ್ರಿಯೆಗೆ ಅನುಬಂಧಿತ ಪ್ರತಿಕ್ರಿಯೆ ಎಂದು ಹೆಸರು. ಬಿಸಿಯೂಟದ ಗಂಟೆಗೆ ನಿಮ್ಮ ಬಾಯಲ್ಲಿ ನೀರೂರುವುದೂ ಇದೇ.

ಕಲಿತದ್ದು ಮರೆತೂ ಹೋಗಬಹುದು. ಸದ್ದು ಮಾಡಿ ಆಹಾರವನ್ನೇ ಕೊಡದಿದ್ದರೆ ಕೆಲವು ಸಲದ ನಂತರ ಜೊಲ್ಲು ನಿಲ್ಲುತ್ತದೆ. ಮತ್ತೆ ಆಹಾರ ಕೊಡತೊಡಗಿದರೆ ಬೇಗನೆ ಮರಳುತ್ತದೆ. ದಸರಾ ರಜೆ ಮುಗಿದ ಮೇಲೆ ನಿಮ್ಮ ಶಾಲೆಯ ಗೇಟಿನ ನಾಯಿ ಏನು ಮಾಡುತ್ತದೆ? ಗಮನಿಸಿ ನೋಡಿ.

ವೃತ್ತವೋ, ಮೊಟ್ಟೆಯೋ?

1914ರಲ್ಲಿ ಪಾವ್ಲೊವ್ ಅವರ ಶಿಷ್ಯೆಯೊಬ್ಬರು ಒಂದು ನಾಯಿಗೆ ಎರಡು ಆಕಾರಗಳನ್ನು ಕಲಿಸಿದರು. ವೃತ್ತ ಕಂಡರೆ ಆಹಾರ ಉಂಟು. ಉದ್ದವಾದ ಮೊಟ್ಟೆಯಂಥ ಆಕಾರ ಕಂಡರೆ ಇಲ್ಲ. ನಾಯಿ ಸುಲಭವಾಗಿ ಕಲಿಯಿತು. ಆಮೇಲೆ ಆ ಮೊಟ್ಟೆಯಾಕಾರವನ್ನು ಸ್ವಲ್ಪ ಸ್ವಲ್ಪವಾಗಿ ವೃತ್ತದಂತೆಯೇ ಮಾಡುತ್ತಾ ಹೋದರು. ಕೊನೆಗೆ ಯಾವುದು ಯಾವುದೆಂದು ನಾಯಿಗೆ ತಿಳಿಯದಾಯಿತು. ಶಾಂತವಾಗಿದ್ದ ಆ ನಾಯಿ ಕಿರುಚಿತು, ಒದ್ದಾಡಿತು, ಕಟ್ಟಿದ್ದ ಪಟ್ಟಿಗಳನ್ನು ಕಚ್ಚಿತು. ಮೊದಲು ಚೆನ್ನಾಗಿ ಬರುತ್ತಿದ್ದುದನ್ನೂ ಮರೆಯಿತು.

ಈಗ ನಮ್ಮ ಮನೆಗಳ ಕಡೆ ನೋಡೋಣ. ನಾಯಿ ಜಗಲಿಗೆ ಹತ್ತಿದರೆ ಒಂದು ದಿನ ಮುದ್ದಿಸುತ್ತೇವೆ, ಮರುದಿನ ಹೊಡೆಯುತ್ತೇವೆ. ಒಬ್ಬರು ಬಾ ಎನ್ನುತ್ತಾರೆ, ಅದೇ ಹೊತ್ತಿಗೆ ಇನ್ನೊಬ್ಬರು ಹೋಗು ಎನ್ನುತ್ತಾರೆ. ಪಾಪ, ಆ ನಾಯಿ ಏನೆಂದು ತಿಳಿಯಬೇಕು? ಗೊಂದಲಗೊಂಡ ನಾಯಿಯನ್ನು ನಾವು ಹಟಮಾರಿ ಎಂದು ಕರೆಯುತ್ತೇವೆ.

ಪ್ರವಾಹ ಕಲಿಸಿದ ಪಾಠ

1917ರ ಕ್ರಾಂತಿಯ ನಂತರ ರಷ್ಯಾದಲ್ಲಿ ಕ್ಷಾಮ ಬಂದಿತು. ಪಾವ್ಲೊವ್ ತಾವೇ ತರಕಾರಿ ಬೆಳೆದು ಸಂಸಾರ ಸಾಕಿದರು. ಪ್ರಯೋಗಾಲಯದ ಎಷ್ಟೋ ನಾಯಿಗಳು ಹಸಿವಿನಿಂದ ಸತ್ತವು. 1921ರಲ್ಲಿ ಸರ್ಕಾರ ವಿಶೇಷ ಆದೇಶ ಹೊರಡಿಸಿ ಅವರ ಸಂಶೋಧನೆಗೆ ನೆರವಾಯಿತು.

1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಭಾರಿ ಪ್ರವಾಹ ನುಗ್ಗಿತು. ಸೇಂಟ್ ಪೀಟರ್ಸ್‌ಬರ್ಗ್‌ಗೆ ಆಗ ಇದ್ದ ಹೆಸರು ಅದು. ನಾಯಿಗಳ ಗೂಡುಗಳಿಗೂ ನೀರು ಏರಿತು. ಗೂಡಿನ ಬಾಗಿಲುಗಳಿದ್ದದ್ದು ಕೆಳಗಡೆ. ತಲೆಯನ್ನು ನೀರಿನೊಳಗೆ ಅದುಮಿಯೇ ನಾಯಿಗಳನ್ನು ಹೊರಗೆ ಎಳೆಯಬೇಕಾಯಿತು. ಅವು ಈಜಿಕೊಂಡು ಬಂದು ಪ್ರಾಣ ಉಳಿಸಿಕೊಂಡವು.

ಆಮೇಲೆ ಪ್ರಯೋಗ ಮುಂದುವರಿಸಿದಾಗ ಅಚ್ಚರಿ ಕಾದಿತ್ತು. ಕೆಲವು ನಾಯಿಗಳು ತಾವು ಕಲಿತದ್ದನ್ನು ಕಳೆದುಕೊಂಡಿದ್ದವು. ಅವು ತಾಳ್ಮೆಯ ಆರೈಕೆಯಿಂದ ಸುಧಾರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. ಸುಧಾರಿಸಿದ ಮೇಲೂ ಬಾಗಿಲ ಸಂದಿನಿಂದ ಸ್ವಲ್ಪ ನೀರು ಹರಿಯಬಿಟ್ಟರೆ ಸಾಕು, ಹಳೆಯ ಭಯ ಮರಳುತ್ತಿತ್ತು. ಭಯ ಎಂಬುದು ಕಲಿತದ್ದನ್ನೂ ಅಳಿಸಿಹಾಕುತ್ತದೆ. ದೊಣ್ಣೆ ಹಿಡಿದು ನಾಯಿಗೆ ಬುದ್ಧಿ ಕಲಿಸುತ್ತೇನೆ ಎನ್ನುವವರು ಈ ಪ್ರವಾಹದ ಕಥೆಯನ್ನು ನೆನಪಿಡಬೇಕು.

ನಾಯಿಗೊಂದು ಸ್ಮಾರಕ

ಪಾವ್ಲೊವ್ ಅವರ ಪ್ರಯೋಗಗಳಲ್ಲಿ ನಾಯಿಗಳಿಗೆ ನೋವೇ ಆಗಲಿಲ್ಲ ಎಂದರೆ ಅದು ಸುಳ್ಳು. ಅನೇಕ ನಾಯಿಗಳು ನೋವುಂಡವು, ಸತ್ತವು. ಇದು ಪಾವ್ಲೊವ್ ಅವರಿಗೂ ತಿಳಿದಿತ್ತು. ಅವರ ಇಚ್ಛೆಯಂತೆ 1935ರಲ್ಲಿ ಅವರ ಸಂಸ್ಥೆಯ ಆವರಣದಲ್ಲಿ ನಾಯಿಯ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಇಂದು ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಲು ಕಟ್ಟುನಿಟ್ಟಾದ ನಿಯಮಗಳಿವೆ.

ನಾಯಿಗೆ ಸ್ಮಾರಕ ನಿಲ್ಲಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 950ರ ಸುಮಾರಿನ ಶಾಸನ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಪಾವ್ಲೊವ್ ಕೊನೆಯವರೆಗೂ ಕೆಲಸ ಮಾಡುತ್ತಲೇ ಇದ್ದರು. 1936ರ ಫೆಬ್ರವರಿ 27ರಂದು ನ್ಯುಮೋನಿಯಾದಿಂದ ನಿಧನರಾದರು. ಆಗ ಅವರಿಗೆ 86 ವರ್ಷ.

ನಮ್ಮ ನಾಯಿಗೆ ನಾವು ಕಲಿಸೋಣ

ಪಾವ್ಲೊವ್ ನಾಯಿಗಳಿಗೆ ಹಗ್ಗ ಹಿಡಿದು ನಡೆಯುವುದನ್ನು ಕಲಿಸಲಿಲ್ಲ. ಆದರೆ ನಾಯಿ ಹೇಗೆ ಕಲಿಯುತ್ತದೆ ಎಂದು ತೋರಿಸಿದರು. ಅದೇ ಕಾಲದಲ್ಲಿ ಅಮೆರಿಕದ ಥಾರ್ನ್‌ಡೈಕ್ ಎಂಬುವರು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಇನ್ನೊಂದು ವಿಷಯ ಕಂಡುಹಿಡಿದರು. ಯಾವ ಕೆಲಸದಿಂದ ಒಳ್ಳೆಯದಾಗುತ್ತದೆಯೋ ಅದನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಈ ಎರಡೂ ತತ್ತ್ವ ಸೇರಿಸಿ, ಮನೆಯ ದೊಡ್ಡವರ ಜೊತೆಯಲ್ಲಿ ಹೀಗೆ ಮಾಡಿ ನೋಡಿ.

1. ನಾಯಿಯ ಹೆಸರು ಕರೆಯಿರಿ. ಅದು ನಿಮ್ಮ ಕಡೆ ನೋಡಿದ ಕೂಡಲೇ ರೊಟ್ಟಿಯ ಚೂರೊಂದನ್ನು ಕೊಡಿ. ತಡ ಮಾಡಿದರೆ ಯಾವುದಕ್ಕೆ ಕೊಟ್ಟಿರಿ ಎಂದು ಅದಕ್ಕೆ ತಿಳಿಯುವುದಿಲ್ಲ. ದಿನಕ್ಕೆ ಐದು ನಿಮಿಷ ಸಾಕು. ಈರುಳ್ಳಿ, ಚಾಕೊಲೇಟ್ ಕೊಡಬೇಡಿ. ಅವು ನಾಯಿಗೆ ವಿಷ.

2. ಮನೆಯವರೆಲ್ಲ ಒಂದು ಕೆಲಸಕ್ಕೆ ಒಂದೇ ಮಾತು ಬಳಸಿ.

3. ಕೊರಳಿಗೆ ಬೆಲ್ಟು ಹಾಕಿ, ಹಗ್ಗ ಹಿಡಿದು ಮೊದಲು ಅಂಗಳದಲ್ಲೇ ನಡೆಯಿರಿ. ಹಗ್ಗ ಸಡಿಲವಾಗಿರುವಾಗ ಮುಂದೆ ಹೆಜ್ಜೆ ಇಡಿ, ತಿಂಡಿ ಕೊಡಿ. ನಾಯಿ ಎಳೆದರೆ ನೀವು ಎಳೆಯಬೇಡಿ, ಕಂಬದಂತೆ ನಿಂತುಬಿಡಿ. ಹಗ್ಗ ಸಡಿಲವಾದೊಡನೆ ಮತ್ತೆ ನಡೆಯಿರಿ. ಎಳೆದರೆ ದಾರಿ ಸಾಗದು ಎಂಬುದನ್ನು ಅದು ತಾನೇ ಕಲಿಯುತ್ತದೆ.

4. ಓಡಿಹೋದ ನಾಯಿ ಕರೆದಾಗ ಮರಳಿ ಬಂದರೆ ಎಷ್ಟೇ ಸಿಟ್ಟು ಬಂದರೂ ಹೊಡೆಯಬೇಡಿ. ಬಾ ಎಂಬ ಮಾತಿನ ಬೆನ್ನಿಗೆ ಪೆಟ್ಟು ಬಿದ್ದರೆ, ಬಾ ಎಂದರೆ ಪೆಟ್ಟು ಎಂದೇ ಅದು ಕಲಿಯುತ್ತದೆ. ಮತ್ತೆ ಕರೆದಾಗ ಬರುವುದಿಲ್ಲ.

ಎಚ್ಚರ!

ಪರಿಚಯವಿಲ್ಲದ ನಾಯಿ, ಕುರಿಮಂದೆ ಕಾಯುವ ನಾಯಿ, ಮರಿ ಹಾಕಿದ ನಾಯಿ, ಊಟ ಮಾಡುತ್ತಿರುವ ನಾಯಿ ಇವುಗಳ ಹತ್ತಿರ ಹೋಗಬೇಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಕೂಡಲೇ ದೊಡ್ಡವರಿಗೆ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ಆದರೆ ಮೊದಲೇ ಪೂರ್ತಿ ಚಿಕಿತ್ಸೆ ಪಡೆದರೆ ತಡೆಯಬಹುದು. ಮನೆಯ ನಾಯಿಗೆ ಪಶು ಆಸ್ಪತ್ರೆಯಲ್ಲಿ ತಪ್ಪದೆ ಪ್ರತಿ ವರ್ಷ ಲಸಿಕೆ ಹಾಕಿಸಿ.

ಯೋಚಿಸಿ

ಪಾಠ ಒಪ್ಪಿಸುವಾಗ ಯಾರಾದರೂ ಗದರಿದರೆ ನಿಮಗೆ ಬರುತ್ತಿದ್ದ ಉತ್ತರವೂ ಮರೆತು ಹೋಗುತ್ತದೆಯೇ? ಪಾವ್ಲೊವ್ ಅವರ ಯಾವ ಅನುಭವಕ್ಕೂ ಇದಕ್ಕೂ ಹೋಲಿಕೆ ಇದೆ? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ವಿಜ್ಞಾನದ ನೋಟ್‌ಪುಸ್ತಕದಲ್ಲಿ ಬರೆಯಿರಿ.