ಕ್ಷಾಮಬಂಧು ವಿಲಿಯಂ ಡಿಗ್ಬಿಯವರು

ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876-78ರ ಮಹಾಕ್ಷಾಮದಲ್ಲಿ ದಕ್ಷಿಣದೇಶದ ಬಡಜನರಿಗಾಗಿ ಶ್ರಮಿಸಿದವರಲ್ಲಿ ವಿಲಿಯಂ ಡಿಗ್ಬಿಯವರು ಒಬ್ಬರು. ಅವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ತಿಳಿದಿರುವುದು ಯುಕ್ತವಾಗಿದೆ.

ಡಿಗ್ಬಿಯವರು 1849ನೆಯ ಇಸವಿ ಮೇ 1ನೆಯ ತಾರೀಖು ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಊರಿನಲ್ಲಿ ಜನಿಸಿದರು. ಸಾಮಾನ್ಯ ಪಾಠಶಾಲೆಯಲ್ಲಿ ಓದಿ, ಹದಿನೈದನೆಯ ವಯಸ್ಸಿನಲ್ಲಿಯೇ ಊರಿನ ವೃತ್ತಪತ್ರಿಕೆಯ ಕಾರ್ಯಾಲಯದಲ್ಲಿ ಕೆಲಸ ಕಲಿಯತೊಡಗಿದರು. 1871ರಲ್ಲಿ ಸಿಂಹಳದ ಕೊಲಂಬೊ ನಗರಕ್ಕೆ ಬಂದು ಪತ್ರಿಕೆಯೊಂದರ ಉಪಸಂಪಾದಕರಾದರು. 1877ರಲ್ಲಿ 'ಮದ್ರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕರಾದರು.

ಆಗ ಹಲವಾಗಲು ಮೊದಲಾದ ಗ್ರಾಮಗಳುಳ್ಳ ಹರಪನಹಳ್ಳಿ ಸೀಮೆಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆಯು ಘೋರವಾದ ಬರಕ್ಕೆ ತುತ್ತಾಗಿತ್ತು. ಮಳೆ ತಪ್ಪಿ, ಜೋಳ ಒಣಗಿ, ದನಗಳು ಸತ್ತುವು. ಜನರು ಮೊದಲು ಒಡವೆಗಳನ್ನೂ, ಬಳಿಕ ಪಾತ್ರೆಗಳನ್ನೂ, ಕಡೆಗೆ ಉಡುವ ಬಟ್ಟೆಯನ್ನೂ ಮಾರಿಕೊಂಡರು. ಕೊಳ್ಳುವವರಿಲ್ಲದೆ ನೇಕಾರರ ಮಗ್ಗಗಳೂ ನಿಂತುಹೋದುವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬವರು ಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯಕ್ಕೂ ಮೇಲೆ ಅಲ್ಪಕಾಸಿಗೂ ಇಳಿಸಿದ್ದರು. ಹೊಟ್ಟೆಗೇ ಸಾಲದ ಆ ಕೂಲಿಯಲ್ಲಿ ಸೀರೆಯನ್ನು ಕೊಳ್ಳುವುದೆಂತು? ಮೈಮುಚ್ಚಲು ಬಟ್ಟೆಯಿಲ್ಲದ ಹೆಂಗಸು ಗಂಜಿಗಾಗಿಯೂ ಬಾಗಿಲು ದಾಟಲಾರಳು. ಮಾನಕ್ಕಂಜಿದವಳಿಗೆ ಮನೆಯೇ ಸಮಾಧಿಯಾಗುತ್ತಿತ್ತು.

1877ರ ಆಗಸ್ಟಿನಲ್ಲಿ ಮದರಾಸಿನಲ್ಲಿ ಮಹಾಜನರ ಸಭೆ ಸೇರಿ, ಲಂಡನ್ನಿನ ಲಾರ್ಡ್ ಮೇಯರರಿಗೆ ತಂತಿಯ ಮೂಲಕ ಸಹಾಯವನ್ನು ಬೇಡಿತು. ವೈಸರಾಯ್ ಲಿಟನ್ ಪ್ರಭುಗಳಿಗೆ ಇದು ಮೊದಲು ರುಚಿಸಲಿಲ್ಲ. ಕಡೆಗೆ, ಸರಕಾರದ ಪರಿಹಾರವು ಮುಟ್ಟದ ಕೊರತೆಗಳಿಗೆ ಧರ್ಮನಿಧಿಯನ್ನು ವಿನಿಯೋಗಿಸತಕ್ಕದ್ದೆಂದು ನಿಶ್ಚಯವಾಯಿತು. ಸುಮಾರು 8,20,000 ಪೌಂಡು ಕೂಡಿತು. ಕಾರ್ಯನಿರ್ವಾಹಕ ಸಮಿತಿಗೆ ಡಿಗ್ಬಿಯವರು ಗೌರವ ಕಾರ್ಯದರ್ಶಿಗಳಾದರು.

ಊರೂರಿನ ಉಪಸಮಿತಿಗಳಲ್ಲಿ ಅಧಿಕಾರಿಗಳೂ ಮಿಷನರಿಗಳೂ ದೇಶೀಯ ಗೃಹಸ್ಥರೂ ಕೂಡಿ ದುಡಿದರು. ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ, ರೈತನಿಗೆ ಬೀಜವನ್ನೂ ಎತ್ತನ್ನೂ, ಸೂರಿಲ್ಲದವನಿಗೆ ಹೊದಿಕೆಯ ಹಣವನ್ನೂ ಕೊಟ್ಟರು. ಅದು ಸಾಲವಲ್ಲ, ಹಿಂದಿರುಗಿಸಬೇಕಾಗಿರಲಿಲ್ಲ. ಬಿದ್ದವರನ್ನು ತಮ್ಮ ಕಾಲಮೇಲೆ ನಿಲ್ಲಿಸುವುದೇ ಅದರ ಉದ್ದೇಶವಾಗಿತ್ತು. ಆದರೂ ಸಹಾಯವು ತಡವಾಗಿ ಬಂದಿತು; ಅಷ್ಟರೊಳಗೆ ಲಕ್ಷಾಂತರ ಜನರು ಮಡಿದಿದ್ದರು.

1878ರಲ್ಲಿ ಡಿಗ್ಬಿಯವರು ಈ ಕ್ಷಾಮದ ವೃತ್ತಾಂತವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿ, ಸರಕಾರದ ಜಿಪುಣತನವನ್ನು ಅಂಜದೆ ಖಂಡಿಸಿದರು. 1879ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ಭಾರತವನ್ನು ಮರೆಯಲಿಲ್ಲ; 1890ರಿಂದ 1892ರವರೆಗೆ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯ 'ಇಂಡಿಯಾ' ಪತ್ರಿಕೆಯನ್ನು ನಡೆಸಿದರು. 1901ರಲ್ಲಿ ನಮ್ಮ ಬಡತನದ ಕಾರಣಗಳನ್ನು ಅಂಕಿಅಂಶಗಳಿಂದ ತೋರುವ ಮತ್ತೊಂದು ಗ್ರಂಥವನ್ನು ಬರೆದರು. 1904ನೆಯ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಅನ್ನವು ಪ್ರಾಣವನ್ನು ಉಳಿಸುವುದು. ವಸ್ತ್ರವು ಮಾನವನ್ನು ಉಳಿಸುವುದು. ಕೊಡುವಾಗ ಈ ಎರಡನ್ನೂ ನೆನೆಯುವುದು, ಕಷ್ಟಕಾಲದಲ್ಲಿ ಪಡೆಯುವಾಗ ತಲೆತಗ್ಗಿಸದಿರುವುದು, ಇವೆರಡನ್ನೂ ನಮ್ಮ ಹೆಣ್ಣುಮಕ್ಕಳು ಈ ಚರಿತ್ರೆಯಿಂದ ಕಲಿಯಬಹುದು.