ಪುಸ್ತಕವಾಗಿಹೋದ ಪುಟ್ಟ ಬೌಲರ್

1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನುಗಳಿಗೆ ಕೆಡವಿದಾಗ, ಬೆಂಗಳೂರಿನ ಲೀಗ್ ಪಂದ್ಯಗಳಿಗೆ ಸ್ಕೋರು ಬರೆಯುತ್ತಿದ್ದ ನಾವು ನಾಲ್ಕಾರು ಮಂದಿ ಒಂದೆಡೆ ಸೇರಿದ್ದೆವು. 1956ರಲ್ಲಿ ಜಿಮ್ ಲೇಕರ್ ಇದೇ ಸಾಧನೆ ಮಾಡಿದ್ದು ಎಲ್ಲರಿಗೂ ನೆನಪಿತ್ತು. ಆದರೆ ಗೆಳೆಯರೊಬ್ಬರು ಬೇರೊಂದು ಪ್ರಶ್ನೆ ಎಸೆದರು: ಕ್ಯಾಚು, ಎಲ್‌ಬಿಡಬ್ಲ್ಯುಗಳ ನೆರವಿಲ್ಲದೆ ಹತ್ತಕ್ಕೆ ಹತ್ತನ್ನೂ ಬೌಲ್ಡ್ ಮಾಡಿಯೇ ಪಡೆದವರು ಯಾರಾದರೂ ಉಂಟೇ? ಮನೆಗೆ ಮರಳಿದವನೇ ಹಳದಿ ಹೊದಿಕೆಯ ಒಂದು ಹಳೆಯ ವಿಸ್ಡನ್ ತೆಗೆದೆ. ಉತ್ತರ ಒಳಪುಟದಲ್ಲಿತ್ತು, ಆ ಹೆಸರು ಹೊದಿಕೆಯ ಮೇಲೂ ಇತ್ತು.

ಅಲ್ಲಿಯವರೆಗೆ ವಿಸ್ಡನ್ ಎಂದರೆ ನನಗೆ ಪುಸ್ತಕ ಮಾತ್ರ. ಅದು ಒಬ್ಬ ಮನುಷ್ಯನಾಗಿದ್ದನೆಂದು ನಾನು ಯೋಚಿಸಿಯೇ ಇರಲಿಲ್ಲ.

ಜಾನ್ ವಿಸ್ಡನ್ ಹುಟ್ಟಿದ್ದು 1826ರ ಸೆಪ್ಟೆಂಬರ್ 5ರಂದು, ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್‌ನಲ್ಲಿ. ತಂದೆ ಮನೆ ಕಟ್ಟುವ ಕಸುಬಿನವರು. ಅವರು ಬೇಗ ತೀರಿಕೊಂಡ ಮೇಲೆ ಬಾಲಕನಿಗೆ ಆಸರೆಯಾದವನು ಸಸೆಕ್ಸ್‌ನ ವಿಕೆಟ್‌ಕೀಪರ್ ಟಾಮ್ ಬಾಕ್ಸ್. ಆತನಲ್ಲಿ ಸಣ್ಣಪುಟ್ಟ ಚಾಕರಿ ಮಾಡಿಕೊಂಡೇ ಹುಡುಗ ಆಟ ಕಲಿತ. 1845ರಲ್ಲಿ, ಇನ್ನೂ 19 ತುಂಬದ ವಯಸ್ಸಿನಲ್ಲಿ, ಸಸೆಕ್ಸ್ ತಂಡಕ್ಕೆ ಆಡಿದಾಗ ಆತನ ತೂಕ ಸುಮಾರು 45 ಕಿಲೋ ಮಾತ್ರ. ಎತ್ತರವೂ ಅಷ್ಟಕ್ಕಷ್ಟೆ. ಮೊದಲ ಇನಿಂಗ್ಸಿನಲ್ಲೇ ಆರು ವಿಕೆಟ್ ಕಿತ್ತ ಈತನನ್ನು ಜನ ಪುಟ್ಟ ಅಚ್ಚರಿ ಎಂದು ಕರೆಯತೊಡಗಿದರು.

ಪ್ರಶ್ನೆಗೆ ಉತ್ತರವಾದ ಪಂದ್ಯ ನಡೆದದ್ದು 1850ರ ಜುಲೈನಲ್ಲಿ, ಲಾರ್ಡ್ಸ್‌ನಲ್ಲಿ, ಉತ್ತರ ಮತ್ತು ದಕ್ಷಿಣ ತಂಡಗಳ ನಡುವೆ. ತಮಾಷೆಯೆಂದರೆ, ಅಪ್ಪಟ ದಕ್ಷಿಣದವನಾದ ವಿಸ್ಡನ್ ಅಂದು ಆಡಿದ್ದು ಉತ್ತರದ ಪರ. ಜಾರ್ಜ್ ಪಾರ್ ಜೊತೆಗೂಡಿ ಲೆಮಿಂಗ್ಟನ್‌ನಲ್ಲಿ ಮೈದಾನವೊಂದನ್ನು ನಡೆಸುತ್ತಿದ್ದುದರಿಂದ ಆ ಅರ್ಹತೆ ದೊರೆತಿತ್ತು. ಎರಡನೆಯ ಇನಿಂಗ್ಸಿನಲ್ಲಿ ಆತ ದಕ್ಷಿಣದ ಹತ್ತೂ ಮಂದಿಯ ಸ್ಟಂಪುಗಳನ್ನು ಉರುಳಿಸಿದ. ಸ್ಕೋರರ್‌ನ ಕಣ್ಣಿನಿಂದ ಆ ಹಾಳೆಯನ್ನು ಊಹಿಸಿಕೊಳ್ಳಿ: ಹತ್ತು ಸಾಲು, ಹತ್ತರಲ್ಲೂ ಬೌಲ್ಡ್ ವಿಸ್ಡನ್, ಫೀಲ್ಡರುಗಳ ಹೆಸರೇ ಇಲ್ಲ. ತೋಳನ್ನು ಭುಜಕ್ಕಿಂತ ಮೇಲೆತ್ತಿ ಚೆಂಡೆಸೆಯಲು ನಿಯಮವೇ ಒಪ್ಪದಿದ್ದ ಕಾಲವದು. ಪ್ರಥಮ ದರ್ಜೆಯ ಕ್ರಿಕೆಟ್‌ನಲ್ಲಿ ಇಂದಿಗೂ ಇನ್ನೊಬ್ಬರು ಇದನ್ನು ಸಾಧಿಸಿಲ್ಲ. ಕುಂಬ್ಳೆಯ ಹತ್ತರಲ್ಲಿಯೂ ಕ್ಯಾಚು ಹಿಡಿದವರ ಪಾಲಿತ್ತು.

ಆಟಗಾರರ ದುಡಿಮೆಯನ್ನು ಸಂಘಟಕ ವಿಲಿಯಂ ಕ್ಲಾರ್ಕ್ ನುಂಗುತ್ತಿದ್ದಾನೆಂಬ ಅಸಮಾಧಾನ ಬೆಳೆದು, 1852ರಲ್ಲಿ ವಿಸ್ಡನ್ ಮತ್ತು ಜೆಮ್ಮಿ ಡೀನ್ ಮುಂದಾಗಿ ಪ್ರತ್ಯೇಕ ತಂಡವನ್ನೇ ಕಟ್ಟಿದರು. ಮೈದಾನದಲ್ಲಿ ಸೌಮ್ಯನಾಗಿದ್ದವನಿಗೆ ಕೂಲಿಯ ವಿಷಯದಲ್ಲಿ ಗಟ್ಟಿತನವಿತ್ತು. ಹಾಗೆಯೇ ವ್ಯಾಪಾರದ ಬುದ್ಧಿ. 1855ರಲ್ಲಿ ಫ್ರೆಡ್ ಲಿಲಿವೈಟ್ ಜೊತೆ ಲಂಡನ್ನಿನಲ್ಲಿ ಬ್ಯಾಟು, ಚೆಂಡು, ಚುಟ್ಟಗಳನ್ನು ಮಾರುವ ಅಂಗಡಿ ತೆರೆದ. ಆ ಪಾಲುದಾರಿಕೆ ಬಹುಕಾಲ ಉಳಿಯಲಿಲ್ಲ. ಆದರೂ 1859ರಲ್ಲಿ ಇಂಗ್ಲೆಂಡಿನ ವೃತ್ತಿಪರರು ಮೊತ್ತಮೊದಲ ವಿದೇಶ ಪ್ರವಾಸಕ್ಕೆಂದು ಅಮೆರಿಕ, ಕೆನಡಾಗಳಿಗೆ ಹೊರಟಾಗ ಇಬ್ಬರೂ ಒಂದೇ ಹಡಗಿನಲ್ಲಿದ್ದರು. ಲಿಲಿವೈಟ್ ತನ್ನ ಸ್ಕೋರಿಂಗ್ ಡೇರೆಯನ್ನೂ ಮುದ್ರಣಯಂತ್ರವನ್ನೂ ಹೊತ್ತೊಯ್ದು ನಾಯಕ ಪಾರ್‌ಗೆ ತಲೆನೋವಾದನಂತೆ. ಅಟ್ಲಾಂಟಿಕ್‌ನ ಅಲೆಗಳಿಗೆ ಎಲ್ಲರೂ ಕಂಗೆಟ್ಟಾಗ, ಈ ಪಿಚ್ಚಿಗೆ ರೋಲರ್ ಎಳೆಯದೆ ಗತಿಯಿಲ್ಲವೆಂದು ವಿಸ್ಡನ್ ನಗಿಸಿದ ಕಥೆಯೂ ಉಳಿದುಬಂದಿದೆ.

ಪಾರ್‌ನ ತಂಗಿ ಆ್ಯನಿಯೊಂದಿಗೆ ಆತನಿಗೆ ನಿಶ್ಚಿತಾರ್ಥವಾಗಿತ್ತು. ಮದುವೆ ನಡೆಯಲಿಲ್ಲ. ಆತ ಕೊನೆಯವರೆಗೂ ಅವಿವಾಹಿತನಾಗಿಯೇ ಉಳಿದ.

ಸಂಧಿವಾತದಿಂದ 1863ರಲ್ಲಿ, 37ರ ವಯಸ್ಸಿನಲ್ಲಿ, ಆಟ ನಿಂತಿತು. ಮರುವರ್ಷವೇ ಒಂದು ಷಿಲಿಂಗ್ ಬೆಲೆಯ ಪಂಚಾಂಗ ಹೊರಬಂತು. ಅದನ್ನು ಜ್ಞಾನದಾಸೋಹವೆಂದು ವರ್ಣಿಸುವುದು ಅತಿಯಾದೀತು. ಲಿಲಿವೈಟ್‌ನ ವಾರ್ಷಿಕ ಕೈಪಿಡಿ 1849ರಿಂದಲೇ ಮಾರಾಟವಾಗುತ್ತಿತ್ತು. ತನ್ನ ಅಂಗಡಿಗೂ ಒಂದಿರಲಿ ಎಂಬುದೇ ಮುಖ್ಯ ಪ್ರೇರಣೆ ಇರಬೇಕು. ಪುಟ ತುಂಬಿಸಲು ಒಂದನೆಯ ಚಾರ್ಲ್ಸ್ ದೊರೆಯ ವಿಚಾರಣೆ, ಧರ್ಮಯುದ್ಧಗಳ ತಾರೀಖು, ಬ್ರಿಟನ್ನಿನ ಕಾಲುವೆಗಳ ಉದ್ದ, ಡರ್ಬಿ ಗೆದ್ದ ಕುದುರೆಗಳ ಪಟ್ಟಿ, ಎಲ್ಲವೂ ಒಳನುಗ್ಗಿದವು. ಪಂದ್ಯಗಳ ಬಗ್ಗೆ ಮಾತ್ರ ಒಂದು ಅಭಿಪ್ರಾಯವೂ ಇಲ್ಲ, ಬರಿಯ ಸ್ಕೋರು. ನನಗೆ ಹಿಡಿಸುವುದು ಆ ಮೌನವೇ. ಯಾರು ಚೆನ್ನಾಗಿ ಆಡಿದರೆಂದು ಪುಸ್ತಕ ಹೇಳಲಿಲ್ಲ, ಯಾರು ಆಡಿದರೆಂದು ಹೇಳಿತು. ಸೊನ್ನೆಗೆ ಔಟಾದವನಿಗೂ ಶತಕ ಬಾರಿಸಿದವನಿಗೂ ಒಂದೊಂದೇ ಸಾಲು.

ಇದರ ಬೆಲೆ ನನಗೆ ತಿಳಿದದ್ದು ನನ್ನ ನಷ್ಟದಿಂದ. ಹದಿನಾರು ವರ್ಷ ನಾನು ಬರೆದಿಟ್ಟ ಸ್ಕೋರ್ ಪುಸ್ತಕಗಳನ್ನು ಕ್ಲಬ್ಬೊಂದು ಕೊಠಡಿಗೆ ಸುಣ್ಣ ಬಳಿಸುವ ನೆಪದಲ್ಲಿ ರದ್ದಿಗೆ ಹಾಕಿತು. ರಣಜಿ ಮಟ್ಟಕ್ಕೇರದೆ ಹೋದ ಎಷ್ಟೋ ಹುಡುಗರ ಅತ್ಯುತ್ತಮ ದಿನಗಳಿಗೆ ಅವೇ ಸಾಕ್ಷಿಯಾಗಿದ್ದವು. ಈಗ ನಲವತ್ತು ದಾಟಿದ ಅವರಲ್ಲೊಬ್ಬರು ಈಚೆಗೆ ಸಿಕ್ಕಿ, ಒಂದು ಪಂದ್ಯದಲ್ಲಿ ತಾವು ಪಡೆದ ಏಳು ವಿಕೆಟ್‌ಗಳ ವಿವರವನ್ನು ಮಗನಿಗೆ ತೋರಿಸಬೇಕಿತ್ತು ಎಂದರು. ನನ್ನಲ್ಲಿ ಕೊಡಲು ಏನೂ ಇರಲಿಲ್ಲ.

ವಿಸ್ಡನ್ ಪುಸ್ತಕ 1864ರಿಂದ ಎರಡು ಮಹಾಯುದ್ಧಗಳ ನಡುವೆಯೂ ಒಂದು ವರ್ಷವೂ ತಪ್ಪದೆ ಬಂದಿದೆ. ಅದರ ವರ್ಷದ ಆಟಗಾರರ ಸಾಲಿನಲ್ಲಿ ನಮ್ಮ ಚಂದ್ರಶೇಖರ್ 1972ರಲ್ಲಿ, ಕುಂಬ್ಳೆ 1996ರಲ್ಲಿ, ದ್ರಾವಿಡ್ 2000ದಲ್ಲಿ ಸೇರಿದರು. ಸ್ಥಾಪಕ ಇದಾವುದನ್ನೂ ಕಾಣಲಿಲ್ಲ. ಲೆಸ್ಟರ್ ಸ್ಕ್ವೇರ್ ಬಳಿಯ ಕ್ರ್ಯಾನ್‌ಬೋರ್ನ್ ಬೀದಿಯಲ್ಲಿ ಅಂಗಡಿಯನ್ನೂ ಮನೆಯನ್ನೂ ಹೊಂದಿದ್ದ ಆತ, 1884ರ ಏಪ್ರಿಲ್ 5ರಂದು ಕ್ಯಾನ್ಸರ್‌ನಿಂದ ಅಲ್ಲಿಯೇ ತೀರಿಕೊಂಡ. ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

1913ರಲ್ಲಿ ಪುಸ್ತಕಕ್ಕೆ 50ನೆಯ ಸಂಚಿಕೆ. ಆ ವರ್ಷದ ಆಟಗಾರನ ಸ್ಥಾನದಲ್ಲಿ ಸಂಪಾದಕರು ಒಬ್ಬನ ಭಾವಚಿತ್ರವನ್ನಷ್ಟೇ ಹಾಕಿದರು. ತೀರಿಹೋಗಿ 29 ವರ್ಷ ಕಳೆದಿದ್ದ ಜಾನ್ ವಿಸ್ಡನ್‌ನದು.