ಉಬ್ಬಿದ್ದು ಒಂದು ಕಡೆ, ದೋಷ ಇನ್ನೊಂದು ಕಡೆ: ಹಿರ್ಷ್‌ಸ್ಪ್ರಂಗ್ ಎಂಬ ಮಕ್ಕಳ ವೈದ್ಯ

ಹೊಟ್ಟೆ ಉಬ್ಬಿದರೆ ತೊಂದರೆ ಉಬ್ಬಿದ ಜಾಗದಲ್ಲೇ ಇದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮಕ್ಕಳ ಕರುಳಿನ ಬಗ್ಗೆ ಆಳವಾಗಿ ತಿಳಿದಿದ್ದ ವೈದ್ಯರೊಬ್ಬರೂ ಹಾಗೆಯೇ ಅಂದುಕೊಂಡಿದ್ದರು. ಅವರು ಡೆನ್ಮಾರ್ಕಿನ ಹ್ಯಾರಲ್ಡ್ ಹಿರ್ಷ್‌ಸ್ಪ್ರಂಗ್.

ಹಿರ್ಷ್‌ಸ್ಪ್ರಂಗ್ ಹುಟ್ಟಿದ್ದು 1830ರಲ್ಲಿ, ಕೋಪನ್‌ಹೇಗನ್‌ನಲ್ಲಿ. ತಂದೆಗೆ ತಂಬಾಕಿನ ಕಾರ್ಖಾನೆ ಇತ್ತು. ಮಗ ಆ ವ್ಯಾಪಾರಕ್ಕೆ ಇಳಿಯದೆ ವೈದ್ಯಕೀಯ ಓದಿದರು. ಹುಟ್ಟುವಾಗಲೇ ಅನ್ನನಾಳ ಅಥವಾ ಸಣ್ಣ ಕರುಳು ಮುಚ್ಚಿರುವ ಶಿಶುಗಳ ಬಗ್ಗೆ 1861ರಲ್ಲಿ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರಿಕೊಂಡಾಗ, ಗುದದ್ವಾರದಿಂದ ನೀರಿನ ಒತ್ತಡ ಕೊಟ್ಟು ಅದನ್ನು ಬಿಡಿಸುವ ವಿಧಾನವನ್ನು ಬೆಳೆಸಿದವರಲ್ಲಿ ಇವರೂ ಒಬ್ಬರು. 1879ರಲ್ಲಿ ಆರಂಭವಾದ ರಾಣಿ ಲೂಯಿಸ್ ಮಕ್ಕಳ ಆಸ್ಪತ್ರೆಗೆ ಇವರೇ ಮುಖ್ಯ ವೈದ್ಯರು.

1886ರಲ್ಲಿ ಬರ್ಲಿನ್‌ನ ವೈದ್ಯರ ಸಭೆಯಲ್ಲಿ ಅವರು ಎರಡು ಗಂಡು ಶಿಶುಗಳ ವಿಷಯ ಮಂಡಿಸಿದರು. ಹುಟ್ಟಿದಾಗಿನಿಂದ ಇಬ್ಬರಿಗೂ ಮಲಬದ್ಧತೆ, ಹೊಟ್ಟೆಯುಬ್ಬರ. ಇಬ್ಬರೂ ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ದೊಡ್ಡ ಕರುಳು ವಿಪರೀತ ಹಿಗ್ಗಿ, ಅದರ ಗೋಡೆ ದಪ್ಪವಾಗಿತ್ತು. ಕೊನೆಯ ಭಾಗ ಮಾತ್ರ ಹಿಗ್ಗಿರಲಿಲ್ಲ. ಹಿಗ್ಗಿದ ಭಾಗವೇ ಹುಟ್ಟಿನಿಂದ ಬಂದ ದೋಷ ಎಂದು ಹಿರ್ಷ್‌ಸ್ಪ್ರಂಗ್ ತೀರ್ಮಾನಿಸಿದರು.

ಆದರೆ ದೋಷ ಇದ್ದದ್ದು ನೋಡಲು ಸರಿಯಾಗಿದ್ದ ಕೊನೆಯ ಭಾಗದಲ್ಲಿ! ಅದು ಹೇಗೆ?

ಕರುಳಿನ ಗೋಡೆಯಲ್ಲಿ ಸ್ನಾಯುವಿನ ಎರಡು ಪದರಗಳಿವೆ. ಅವುಗಳ ನಡುವೆ ನರಕೋಶಗಳ ಬಲೆ ಇದೆ ಎಂದು ಜರ್ಮನಿಯ ಲಿಯೊಪೋಲ್ಡ್ ಔಎರ್ಬಾಖ್ 1860ರ ದಶಕದಲ್ಲೇ ತೋರಿಸಿದ್ದರು. ಆಹಾರ ಬಂದು ಗೋಡೆ ಹಿಗ್ಗಿದೊಡನೆ ಈ ಕೋಶಗಳು ಹಿಂದಿನ ಸ್ನಾಯುವನ್ನು ಬಿಗಿಯಾಗಿಸಿ, ಮುಂದಿನದನ್ನು ಸಡಿಲಗೊಳಿಸುತ್ತವೆ. ಆಗ ಆಹಾರ ಮುಂದೆ ಸಾಗುತ್ತದೆ. ಮಿದುಳಿನಿಂದ ಬರುವ ನರಗಳನ್ನು ಕತ್ತರಿಸಿದರೂ ಈ ಕೆಲಸ ನಡೆಯುತ್ತದೆ ಎಂದು 1899ರಲ್ಲಿ ಲಂಡನ್‌ನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಪ್ರಯೋಗ ಮಾಡಿ ತೋರಿಸಿದರು.

ಭ್ರೂಣದಲ್ಲಿ ಈ ಕೋಶಗಳು ಬಾಯಿಯ ಕಡೆಯಿಂದ ಗುದದ್ವಾರದ ಕಡೆಗೆ ಸಾಗಿಬರುತ್ತವೆ. ದಾರಿಯಲ್ಲೇ ನಿಂತುಬಿಟ್ಟರೆ ಕೊನೆಯ ಭಾಗಕ್ಕೆ ನರಕೋಶಗಳೇ ಇರುವುದಿಲ್ಲ. ಸಡಿಲಗೊಳ್ಳು ಎಂದು ಹೇಳುವವರಿಲ್ಲದ ಆ ಭಾಗ ಸದಾ ಬಿಗಿದುಕೊಂಡೇ ಇರುತ್ತದೆ. ಮಲ ಅದರ ಹಿಂದೆ ಸಿಕ್ಕಿಕೊಂಡು, ಆರೋಗ್ಯವಾಗಿದ್ದ ಕರುಳು ಉಬ್ಬುತ್ತದೆ.

ಈ ಮಕ್ಕಳ ಕರುಳಿನ ಕೊನೆಯಲ್ಲಿ ನರಕೋಶಗಳಿಲ್ಲ ಎಂಬ ವರದಿಗಳು 20ನೇ ಶತಮಾನದ ಆರಂಭದಲ್ಲೇ ಬಂದವು. ಆದರೂ ಹೆಚ್ಚಿನವರ ಗಮನ ಉಬ್ಬಿದ ಕರುಳಿನ ಮೇಲೆಯೇ ಇತ್ತು. ಹಿರ್ಷ್‌ಸ್ಪ್ರಂಗ್ 1916ರಲ್ಲಿ ತೀರಿಕೊಂಡರು. ನರಕೋಶವಿಲ್ಲದ ಭಾಗವನ್ನು ತೆಗೆದು, ಒಳ್ಳೆಯ ಕರುಳನ್ನು ಕೆಳಕ್ಕೆ ಎಳೆದು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಆರ್ವರ್ ಸ್ವೆನ್ಸನ್ 1948ರಲ್ಲಿ ಪ್ರಕಟಿಸಿದರು. ಅಲ್ಲಿಂದ ಈ ಮಕ್ಕಳು ಬದುಕತೊಡಗಿದರು.

ಇಂದಿಗೂ ಈ ಕಾಯಿಲೆಗೆ ಹಿರ್ಷ್‌ಸ್ಪ್ರಂಗ್ ಹೆಸರೇ ಇದೆ. ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಇದು ಕಾಣಿಸಿಕೊಳ್ಳುತ್ತದೆ. ಹುಟ್ಟಿದ 48 ಗಂಟೆಯೊಳಗೆ ಮಗು ಮೊದಲ ಕಪ್ಪು ಮಲ ಮಾಡದಿದ್ದರೆ, ಹೊಟ್ಟೆ ಉಬ್ಬಿದರೆ ಅಥವಾ ಹಸಿರು ವಾಂತಿಯಾದರೆ ಮನೆಮದ್ದು ಮಾಡುತ್ತಾ ಕಾಯಬೇಡಿ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ.